ಸೀನರಿ ಪಟವನ್ನು ಸುರುಳಿ ಸುತ್ತಬೇಡಿ

ಕಳೆದ ಆಷಾಢದ ಒಂದು ಮಧ್ಯಾಹ್ನ ನನ್ನ ಅಂಗಡಿಯ ಮೇಜಿನ ಮೇಲೆ ಒಂದು ಪಿವಿಸಿ ಪೈಪು ಬಂತು. ನಲ್ಲಿ ಕೆಲಸಕ್ಕೆ ಬಳಸುವ ನಾಲ್ಕು ಅಂಗುಲದ ಪೈಪು. ಎರಡೂ ತುದಿಗೆ ಕ್ಯಾಪು, ಸುತ್ತಲೂ ಕಂದು ಟೇಪು, ಟೇಪಿನ ಮೇಲೆ ಕೆಂಪಕ್ಷರದ ‘ಫ್ರ್ಯಾಜೈಲ್’ ಚೀಟಿ. ತಂದವರು ಮಲೆನಾಡಿನ ಕಾಫಿ ತೋಟದ ಮನೆಯ ಅಮ್ಮ, ಮಗ. ಎಸ್ಟೇಟಿನ ದೊರೆ ಊರಿಗೆ ಹೊರಟಾಗ ಬಂಗಲೆಯ ಸಾಮಾನು ಹರಾಜಾಯಿತಂತೆ. ಆಗ ಆ ಮಗನ ಮುತ್ತಜ್ಜ ಕೊಂಡ ಆಯಿಲ್ ಪೇಂಟಿಂಗು ಪೈಪಿನೊಳಗಿತ್ತು: ಒಂದು ಕೆರೆ, ಆಚೆ ದಡದಲ್ಲಿ ಮರಗಳು, ಅವುಗಳ ಹಿಂದೆ ಮಂಜು ಕವಿದ ಗುಡ್ಡ. ಆನ್‌ಲೈನಿನಲ್ಲಿ ಪುಣೆಯ ಒಬ್ಬರಿಗೆ ಮಾರಿದ್ದರು. ಕೊಂಡವರು ಬಿಚ್ಚಿ ನೋಡಿ, ಹಾಗೆಯೇ ಮುಚ್ಚಿ ವಾಪಸು ಕಳಿಸಿದ್ದರು.

ಕ್ಯಾಪು ತೆಗೆದು ಪೈಪನ್ನು ಬಾಗಿಸಿದೆ. ಮೊದಲು ಹೊರಗೆ ಬಂದದ್ದು ಕ್ಯಾನ್ವಾಸಲ್ಲ, ಬಣ್ಣ. ಒಣಗಿದ ಈರುಳ್ಳಿ ಸಿಪ್ಪೆಯಂಥ ಚೂರುಗಳು, ಉಗುರಿಗಿಂತ ಚಿಕ್ಕವು, ಹಸಿರು, ಬೂದು, ಕಂದು, ಮೇಜಿನ ಮೇಲೆ ಸುರಿದವು. ಆಮೇಲೆ ಬಂದ ಬಟ್ಟೆಯಲ್ಲಿ ಕೆರೆಯ ಅರ್ಧಭಾಗ ಇರಲಿಲ್ಲ. ಆ ತಾಯಿ ಚೂರುಗಳನ್ನು ಬೆರಳ ತುದಿಯಿಂದ ಒಟ್ಟುಮಾಡತೊಡಗಿದರು. ‘ಇದನ್ನ ಮತ್ತೆ ಅಂಟಿಸಬೋದಾ ಸಾರ್?’ ಎಂದು ಮಗ ಕೇಳಿದ.

ಅವರನ್ನು ದೂರಲು ನಾನು ಇದನ್ನು ಬರೆಯುತ್ತಿಲ್ಲ. ಅವರು ಕೇಳಬೇಕಾದವರನ್ನೆಲ್ಲ ಕೇಳಿಯೇ ಕಳಿಸಿದ್ದರು. ಕೊರಿಯರ್ ಕೌಂಟರಿನ ಹುಡುಗ, ಹಳೆ ಸಾಮಾನಿನ ವ್ಯಾಪಾರ ಮಾಡುವ ನೆಂಟ, ಫೋನಿನಲ್ಲಿ ನೋಡಿದ ವೀಡಿಯೊ, ಕೊನೆಗೆ ಅವರ ಊರಿನ ಕಟ್ಟು ಹಾಕುವವನು ಕೂಡ ಒಂದೇ ಮಾತು ಹೇಳಿದ್ದರು: ‘ಬಟ್ಟೆ ತಾನೇ, ಸುತ್ತಿದ್ರೆ ಏನಾಗುತ್ತೆ?’ ನನ್ನ ಜಗಳ ಈ ಮಾತಿನ ಮೇಲೆ. ತಂದೆಯ ಕಾಲದಿಂದಲೂ ಮೈಸೂರಿನಲ್ಲಿ ಪಟಗಳಿಗೆ ಕಟ್ಟು ಹಾಕಿಕೊಂಡು ಬಂದಿರುವ ನನಗೆ, ನಮ್ಮ ಕಸುಬಿನವರ ಬಾಯಲ್ಲೇ ಈ ಮಾತು ಕೇಳಿದಾಗ ಸುಮ್ಮನಿರಲು ಆಗುವುದಿಲ್ಲ.

ಈ ಮಾತಿನ ಹಿಂದೆ ಒಂದು ನಂಬಿಕೆ ಕೂತಿದೆ. ಪಟ ಎಂದರೆ ಮುಂದೆ ಕಾಣುವ ಬಣ್ಣದ ನೋಟವಷ್ಟೇ, ಉಳಿದದ್ದೆಲ್ಲ ಭಾರ ಎನ್ನುವ ನಂಬಿಕೆ. ಮಾರುವ ಮೊದಲು ಸೋಪು ಹಾಕಿ ಒರೆಸುವುದು, ಮುಂಬದಿಯ ಫೋಟೋ ಮಾತ್ರ ಹಾಕುವುದು, ಹಳೆ ಚೌಕಟ್ಟನ್ನು ಗುಜರಿಗೆ ಕೊಡುವುದು, ಕ್ಯಾನ್ವಾಸನ್ನು ಬಿಚ್ಚಿ ಸುತ್ತುವುದು, ಎಲ್ಲವೂ ಹುಟ್ಟುವುದು ಅಲ್ಲಿಂದಲೇ. ಇದು ತಪ್ಪು. ನೂರು ವರ್ಷದ ತೈಲಚಿತ್ರ ಒಂದರ ಮೇಲೊಂದು ಪದರ ಕೂಡಿಸಿ ಕಟ್ಟಿದ ವಸ್ತು. ಅದರಲ್ಲಿ ಒಂದು ಪದರ ಕೈಕೊಟ್ಟರೆ ನೋಟವೂ ಹೋಗುತ್ತದೆ.

ಮರದ ಪಟ್ಟಿಗಳ ಮೇಲೆ ಬಿಗಿದ ಅಗಸೆ ನಾರಿನ ಬಟ್ಟೆ ಎಲ್ಲಕ್ಕಿಂತ ಕೆಳಗಿನದು. ಅದರ ಮೇಲೆ ಪ್ರಾಣಿಚರ್ಮದಿಂದ ಮಾಡಿದ ಅಂಟು, ಬಡಗಿಗಳು ಕಾಯಿಸಿ ಹಚ್ಚುತ್ತಿದ್ದಂಥದು. ಅಂಟಿನ ಮೇಲೆ ಸೀಮೆಸುಣ್ಣ ಅಥವಾ ಸೀಸದ ಬಿಳುಪಿನ ತಳಬಣ್ಣ. ಅದರ ಮೇಲೆ ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣಗಳು. ಎಲ್ಲಕ್ಕೂ ಮೇಲೆ ಮರದ ರಾಳದಿಂದ ಮಾಡಿದ ವಾರ್ನಿಶು. ಅಗಸೆ ಎಣ್ಣೆ ನೀರಿನ ಹಾಗೆ ಆರಿಹೋಗುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿಕೊಂಡು ಗಟ್ಟಿಯಾಗುತ್ತದೆ, ಮುಟ್ಟಿದರೆ ಒಣಗಿದಂತೆ ಕಂಡ ಮೇಲೂ ದಶಕಗಟ್ಟಲೆ ಗಟ್ಟಿಯಾಗುತ್ತಲೇ ಹೋಗುತ್ತದೆ. ಹಳೆ ಬಾಣಲೆಯ ಅಂಚಿಗೆ ಎಣ್ಣೆ ಕಂದಾಗಿ ಗಟ್ಟಿಕಟ್ಟಿರುತ್ತದಲ್ಲ, ಉಗುರಿನಿಂದ ಎಬ್ಬಿದರೆ ಚಿಟ್ಟನೆ ಚೂರಾಗಿ ಏಳುತ್ತದಲ್ಲ, ಇದೂ ಅದೇ ಜಾತಿಯದು.

‘ಕಲಾವಿದರೇ ಸುತ್ತಿ ಕಳಿಸ್ತಾರಲ್ಲ?’ ಎಂದು ಕೇಳುವವರಿದ್ದಾರೆ. ಹೌದು, ಕಳಿಸುತ್ತಾರೆ. ಈಗಿನ ಅನೇಕರು ಬಳಸುವುದು ಅಕ್ರಿಲಿಕ್, ಅದು ಪ್ಲಾಸ್ಟಿಕ್ಕಿನ ಬಳಗ, ನಮ್ಮ ಸೆಕೆಯಲ್ಲಿ ಬಾಗುತ್ತದೆ. ಹೊಸ ಎಣ್ಣೆಬಣ್ಣವೂ ಸ್ವಲ್ಪಮಟ್ಟಿಗೆ ಬಾಗುತ್ತದೆ. ಒತ್ತಿದ ಕೂಡಲೇ ಹಸಿ ಹಪ್ಪಳವನ್ನು ಮಡಿಸಬಹುದು. ನಾಲ್ಕು ಬಿಸಿಲು ಕಂಡ ಹಪ್ಪಳವನ್ನು ಮಡಿಸಿ ನೋಡಲಿ. ಕಳೆದ ವರ್ಷ ಬರೆದ ಚಿತ್ರಕ್ಕೆ ಸಲ್ಲುವ ಮಾತನ್ನು ಕಳೆದ ಶತಮಾನದ ಚಿತ್ರಕ್ಕೆ ಹೇಳುವುದು ಸಲಹೆಯಲ್ಲ, ಹಾನಿ.

ಸುತ್ತುವುದರಲ್ಲೂ ಜನ ತಲೆಕೆಳಗಾಗಿ ಸುತ್ತುತ್ತಾರೆ. ಬಣ್ಣಕ್ಕೆ ಏನೂ ತಾಗದಿರಲಿ ಎಂದು ಬಣ್ಣದ ಮುಖವನ್ನು ಒಳಗೆ ಮಾಡುತ್ತಾರೆ. ಒಳಗೆ ಬಾಗಿದ ಬಣ್ಣಕ್ಕೆ ಜಾಗ ಸಾಲದೆ ಚೂರುಗಳು ಒಂದನ್ನೊಂದು ತಳ್ಳಿ ಬುಡಬಿಟ್ಟು ಮೇಲೇಳುತ್ತವೆ. ಗೋಡೆಯಗಲದ ಚಿತ್ರವನ್ನು ಬೇರೆ ದಾರಿಯೇ ಇಲ್ಲದೆ ಸುತ್ತಬೇಕಾದಾಗ ಸಂರಕ್ಷಣೆ ಬಲ್ಲವರು ಬಣ್ಣವನ್ನು ಹೊರಮುಖ ಮಾಡಿ, ದೊಡ್ಡ ಸುತ್ತಳತೆಯ ಡ್ರಮ್ಮಿನ ಮೇಲೆ, ನಿಧಾನವಾಗಿ ಸುತ್ತುತ್ತಾರೆ. ನಾಲ್ಕು ಅಂಗುಲದ ಪೈಪಿಗೂ ಅದಕ್ಕೂ ಹೋಲಿಕೆಯೇ ಇಲ್ಲ.

ಹಾಗಿದ್ದರೂ ಈ ಸಲಹೆ ಊರಲ್ಲೆಲ್ಲ ಹಬ್ಬಿರುವುದು ಏಕೆ? ಕೊರಿಯರಿನ ಲೆಕ್ಕದಿಂದ. ಬಹುತೇಕ ಕೊರಿಯರುಗಳು ಪೆಟ್ಟಿಗೆಯ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ ತೂಕ ಕಟ್ಟುತ್ತವೆ. ನಿಜವಾದ ತೂಕಕ್ಕಿಂತ ಅದು ಹೆಚ್ಚಿದ್ದರೆ ಅದಕ್ಕೇ ಹಣ. 75 ಸೆಂಟಿಮೀಟರಿಗೆ 50 ಸೆಂಟಿಮೀಟರಿನ ಚಿತ್ರವನ್ನು ಕಟ್ಟು ಸಮೇತ ಭದ್ರವಾಗಿ ಕಳಿಸಲು 100, 80, 15 ಸೆಂಟಿಮೀಟರಿನ ಪೆಟ್ಟಿಗೆಯಾದರೂ ಬೇಕು. ಲೆಕ್ಕದ ತೂಕ 24 ಕೆಜಿ. ಅದೇ ಚಿತ್ರ ಪೈಪಿನಲ್ಲಿ ಎರಡು ಕೆಜಿಯೂ ಆಗುವುದಿಲ್ಲ. ಆ 22 ಕೆಜಿಯ ಬಾಡಿಗೆ ಉಳಿಸಲು ಹೋಗಿ ಪಟವನ್ನೇ ಕಳೆದುಕೊಂಡ ಮನೆಗಳನ್ನು ನಾನು ಕಂಡಿದ್ದೇನೆ. ಬಾಡಿಗೆ ಹೆಚ್ಚು ಎನಿಸಿದರೆ ಬೆಲೆಗೆ ಸೇರಿಸಿ, ಅಥವಾ ಕೊಳ್ಳುವವರೇ ಬಂದು ಒಯ್ಯಲಿ ಎಂದು ಜಾಹೀರಾತಿನಲ್ಲೇ ಬರೆಯಿರಿ. ಬೆಂಗಳೂರು, ಮೈಸೂರು, ಚೆನ್ನೈ ನಡುವಿನ ವ್ಯಾಪಾರವಾದರೆ ಕಾರಿನ ಹಿಂದಿನ ಸೀಟಿಗಿಂತ ಒಳ್ಳೆಯ ಸಾಗಣೆ ಇಲ್ಲ.

ಒರೆಸುವವರ ವಿಷಯಕ್ಕೆ ಬರುತ್ತೇನೆ. ‘ಫೋಟೋದಲ್ಲಿ ಫಳಫಳ ಅನ್ನಬೇಕು’ ಎಂದು ಮಾರುವ ಹಿಂದಿನ ದಿನ ಪಟಕ್ಕೆ ಸ್ನಾನ ಮಾಡಿಸುತ್ತಾರೆ. ಆಲೂಗಡ್ಡೆ ಹೋಳು, ಸೋಪಿನ ನೀರು, ಸೀಮೆಎಣ್ಣೆ, ಕೊನೆಗೆ ಹೊಳಪಿಗೆಂದು ಕೊಬ್ಬರಿ ಎಣ್ಣೆ. ನಾನು ಹುಡುಗನಾಗಿದ್ದಾಗ ನನ್ನ ತಂದೆಯೂ ಗಿರಾಕಿಯ ಒತ್ತಾಯಕ್ಕೆ ಒಂದು ಸಮುದ್ರ ತೀರದ ಚಿತ್ರಕ್ಕೆ ಆಲೂಗಡ್ಡೆ ಉಜ್ಜಿದ್ದರು. ಮೊದಲ ವಾರ ಆಕಾಶ ಬೆಳ್ಳಗೆ ಕಂಡಿತು. ಮಳೆಗಾಲ ಹಿಡಿಯುವ ಹೊತ್ತಿಗೆ ಬಿರುಕುಗಳ ಸಂದಿಯಲ್ಲಿ ಉಳಿದ ಹಿಟ್ಟಿನಂಶಕ್ಕೆ ಬೂಸ್ಟು ಬಂದು ಆಕಾಶದ ತುಂಬ ಬೂದಿ ಚುಕ್ಕೆಗಳಾದವು. ಅಂದಿನಿಂದ ನಮ್ಮ ಅಂಗಡಿಯಲ್ಲಿ ತೈಲಚಿತ್ರದ ಮುಖಕ್ಕೆ ಒದ್ದೆ ಕೈ ತಾಗಿಸಿಲ್ಲ. ಬಿರುಕಿನೊಳಗೆ ಇಳಿದ ನೀರು ಆ ಚರ್ಮದಂಟನ್ನು ಉಬ್ಬಿಸುತ್ತದೆ, ಉಬ್ಬಿದ ಅಂಟು ಬಣ್ಣವನ್ನು ಬಿಟ್ಟುಕೊಡುತ್ತದೆ. ದೂರದ ಗುಡ್ಡಕ್ಕೆ ಆ ಮಂಜಿನ ನೀಲಿ ಬಂದಿರುವುದು ಚಿತ್ರಕಾರ ಕೊನೆಯಲ್ಲಿ ಎಳೆದ ತೆಳುವಾದ ಪಾರದರ್ಶಕ ಬಣ್ಣದಿಂದ. ಉಜ್ಜಿದಾಗ ಮೊದಲು ಹೋಗುವುದು ಅದೇ. ಹಳದಿಯಾದ ವಾರ್ನಿಶು ತೆಗೆಯಬೇಕೆಂದರೆ ಬಲ್ಲವರಿದ್ದಾರೆ. ಬೆಂಗಳೂರಿನಲ್ಲಿ ಇಂಟ್ಯಾಕ್ ಸಂಸ್ಥೆಯ ಸಂರಕ್ಷಣಾ ಕೇಂದ್ರವಿದೆ. ಅವರಲ್ಲಿಗೆ ಹೋಗಲಾಗದಿದ್ದರೆ ಕೊಳೆಯನ್ನು ಹಾಗೆಯೇ ಬಿಡಿ. ಕೊಳೆ ಇರುವ ಚಿತ್ರವನ್ನು ಕೊಂಡವರು ಮುಂದೆ ಸ್ವಚ್ಛ ಮಾಡಿಸಬಹುದು, ಉಜ್ಜಿಹೋದ ಗುಡ್ಡವನ್ನು ಯಾರೂ ತಂದುಕೊಡಲಾರರು.

ಅಂಗಡಿಯಲ್ಲಿ ಕೊಳ್ಳುವವನು ಪಟವನ್ನು ಕೈಗೆತ್ತಿಕೊಂಡು ಬೆಳಕಿಗೆ ಹಿಡಿಯುತ್ತಾನೆ, ತಿರುಗಿಸುತ್ತಾನೆ, ಮೂಸಿಯೂ ನೋಡುತ್ತಾನೆ. ಆನ್‌ಲೈನಿನಲ್ಲಿ ಕೊಳ್ಳುವವನಿಗೆ ಮಾರುವವನ ಕಣ್ಣೇ ಕಣ್ಣು. ಅಂಥವನಿಗೆ ಮುಂಬದಿಯ ಒಂದು ಫೋಟೋ, ಅದೂ ಬಣ್ಣ ಹೆಚ್ಚಿಸಿ ತೆಗೆದದ್ದು, ಕೊಟ್ಟು ಸುಮ್ಮನಾಗುವುದು ನ್ಯಾಯವಲ್ಲ. ಹಿಂಬದಿಯಲ್ಲಿ ಎಷ್ಟೊಂದು ಇರುತ್ತದೆ! ಮರದ ಪಟ್ಟಿಗಳ ಮೂಲೆಗಳಲ್ಲಿ ಬಟ್ಟೆ ಬಿಗಿಮಾಡುವ ಬೆಣೆಗಳಿವೆಯೇ, ಮೊಳೆಗಳು ಕೈಯಿಂದ ಹೊಡೆದವೇ, ಹಿಂದೆ ಯಾರಾದರೂ ತೇಪೆ ಹಾಕಿದ್ದಾರೆಯೇ, ಕಟ್ಟು ಹಾಕಿದ ಅಂಗಡಿಯ ಚೀಟಿ ಉಳಿದಿದೆಯೇ? ಬ್ರಿಟಿಷರ ಕಾಲದ ಎಷ್ಟೋ ಕ್ಯಾನ್ವಾಸುಗಳ ಬೆನ್ನಿನ ಮೇಲೆ ಅದನ್ನು ಮಾರಿದ ಕಂಪನಿಯ ಮುದ್ರೆ ಇರುತ್ತದೆ. 1832ರಲ್ಲಿ ಶುರುವಾದ ವಿನ್ಸರ್ ಅಂಡ್ ನ್ಯೂಟನ್ನಿನದು ಲಂಡನ್ನಿನ ರಾತ್‌ಬೋನ್ ಪ್ಲೇಸ್ ವಿಳಾಸದೊಂದಿಗೆ ಸಿಗುತ್ತದೆ. ಇಂಥ ಮುದ್ರೆಗಳ ಅಕ್ಷರ, ವಿಳಾಸ ಕಾಲಕಾಲಕ್ಕೆ ಬದಲಾಗಿರುವುದರಿಂದ ಬಲ್ಲವರು ಬಟ್ಟೆಯ ಕಾಲವನ್ನು ಅಂದಾಜಿಸುತ್ತಾರೆ. ಸಹಿ ಇಲ್ಲದ ಸೀನರಿ ಪಟಕ್ಕೆ ಅದೇ ಜಾತಕ. ಕ್ಯಾನ್ವಾಸನ್ನು ಬಿಚ್ಚಿ, ಮರದ ಪಟ್ಟಿಗಳನ್ನು ಸೌದೆಗೆ ಹಾಕುವವರು ಆ ಜಾತಕವನ್ನೇ ಸುಡುತ್ತಾರೆ.

ಹತ್ತು ಫೋಟೋ ತೆಗೆಯಿರಿ. ಮುಂದಿನದು, ಹಿಂದಿನದು, ನಾಲ್ಕು ಮೂಲೆಗಳು, ಸಹಿ, ಮುದ್ರೆ. ಕೋಣೆ ಕತ್ತಲು ಮಾಡಿ, ಟಾರ್ಚಿನ ಬೆಳಕನ್ನು ಪಟದ ಮೈಗೆ ಒರಗಿಸಿದಂತೆ ಪಕ್ಕದಿಂದ ಬಿಟ್ಟು ಇನ್ನೆರಡು. ಉಬ್ಬು, ತಗ್ಗು, ಬಿರುಕು, ತೇಪೆ ಎಲ್ಲ ಅದರಲ್ಲಿ ಎದ್ದುಕಾಣುತ್ತವೆ. ಒಂದು ಭೂತಗನ್ನಡಿಯನ್ನೂ ತನ್ನಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ತೆರೆದದ್ದು ನಮಗೆಲ್ಲ ಗೊತ್ತು. ಅಲ್ಲಿ ಅಚ್ಚಾದಂಥ ಓಲಿಯೊಗ್ರಾಫುಗಳಿಗೆ, ಅಂದರೆ ಬಣ್ಣದ ಅಚ್ಚುಚಿತ್ರಗಳಿಗೆ, ತೈಲಚಿತ್ರದ ಹಾಗೆ ಕಾಣಲೆಂದೇ ವಾರ್ನಿಶು ಬಳಿಯುತ್ತಿದ್ದರು. ಯುರೋಪಿನಲ್ಲಿ ಅಚ್ಚಾದ ನಿಸರ್ಗದೃಶ್ಯಗಳೂ ಹೀಗೆಯೇ ನಮ್ಮ ಮನೆಗಳ ಗೋಡೆ ಸೇರಿವೆ. ಭೂತಗನ್ನಡಿಯಡಿ ಸಣ್ಣ ಚುಕ್ಕೆಗಳ ಸಾಲು ಕಂಡರೆ ಅದು ಅಚ್ಚು. ಅಚ್ಚಿಗೂ ಕೊಳ್ಳುವವರಿದ್ದಾರೆ, ಅಚ್ಚೆಂದೇ ಹೇಳಿ ಮಾರಬೇಕು.

‘ಐಬು ತೋರಿಸಿದರೆ ಯಾರು ಕೊಳ್ತಾರೆ?’ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಹಳೆ ಚಿತ್ರ ಕೊಳ್ಳುವವರಿಗೆ ಬಿರುಕು ಹೊಸದಲ್ಲ. ಬಿರುಕೇ ಇಲ್ಲದಿದ್ದರೆ ಅವರು ಅನುಮಾನಪಡುತ್ತಾರೆ. ಬಚ್ಚಿಟ್ಟ ಬಿರುಕು ಮಾತ್ರ ಜಗಳಕ್ಕೆ ಬರುತ್ತದೆ. ಹೊರಡುವ ಮೊದಲೇ ಇದ್ದ ಬಿರುಕು ಯಾವುದು, ದಾರಿಯಲ್ಲಿ ಆದದ್ದು ಯಾವುದು ಎಂಬುದಕ್ಕೆ ಆ ಹತ್ತು ಫೋಟೋಗಳೇ ಸಾಕ್ಷಿ. ವಿಮೆಯವರೂ ಮೊದಲು ಕೇಳುವುದು ಅದನ್ನೇ.

ಪ್ಯಾಕಿಂಗಿನ ಬಗ್ಗೆ ಚಾಲ್ತಿಯಲ್ಲಿರುವ ಅಭಿಪ್ರಾಯವಂತೂ ‘ಬಬಲ್ ರ‍್ಯಾಪ್ ಹೊಡೆದು ಚೀಟಿ ಅಂಟಿಸು’ ಎಂಬಲ್ಲಿಗೆ ಮುಗಿಯುತ್ತದೆ. ಬಬಲ್ ರ‍್ಯಾಪನ್ನು ನೇರವಾಗಿ ಬಣ್ಣಕ್ಕೆ ಸುತ್ತಿ ಹೈದರಾಬಾದಿನಿಂದ ಕಳಿಸಿದ್ದ ಒಂದು ಚಿತ್ರವನ್ನು ನಾನು ಬಿಚ್ಚಿದ್ದೇನೆ. ಏಪ್ರಿಲ್ ತಿಂಗಳು, ಮುಚ್ಚಿದ ಲಾರಿ. ಮರದ ನೆರಳಿನ ಕಂದು ಭಾಗದ ತುಂಬ ಒಂದೇ ಅಳತೆಯ ಉಂಗುರಗಳು ಅಚ್ಚೊತ್ತಿದ್ದವು. ಹತ್ತೊಂಬತ್ತನೆಯ ಶತಮಾನದ ಚಿತ್ರಕಾರರು ಆಳವಾದ ಕಂದಿಗೆ ಬಿಟುಮೆನ್ ಬಳಸುತ್ತಿದ್ದರು, ಅದು ಪೂರಾ ಒಣಗುವುದೇ ಇಲ್ಲ; ವಾರ್ನಿಶು ಕೂಡ ಕಾವಿಗೆ ಮೆತ್ತಗಾಗುತ್ತದೆ. ಆ ಉಂಗುರಗಳು ಇವತ್ತಿಗೂ ಆ ಚಿತ್ರದಲ್ಲಿವೆ.

ನಾವು ಕಳಿಸುವ ಬಗೆ ಹೀಗೆ. ಮೊದಲು ಟಾರ್ಚಿನ ಬೆಳಕಿನಲ್ಲಿ ನೋಡುತ್ತೇವೆ. ಎಲ್ಲಾದರೂ ಬಣ್ಣ ಎದ್ದು ನಿಂತಿದ್ದರೆ ಅವತ್ತು ಪ್ಯಾಕಿಂಗ್ ಇಲ್ಲ, ಮೊದಲು ಸಂರಕ್ಷಕರ ಕೈ ಬೀಳಬೇಕು. ಬಣ್ಣ ಭದ್ರವಾಗಿದ್ದರೆ ಮುಖದ ಮೇಲೆ ಗ್ಲಾಸೀನ್ ಕಾಗದ. ಅಂಗಡಿಯವರು ಬೆಣ್ಣೆ ಕಾಗದ ತೋರಿಸಿ ಇದೂ ಅದೇ ಎನ್ನುತ್ತಾರೆ, ಮೇಣ ಸವರಿದ್ದು ಬೇಡ. ಕಟ್ಟಿಗೆ ಗಾಜಿದ್ದರೆ ಗಾಜಿನ ಮೇಲೆ, ಗಾಜಿನ ಮೇಲೆ ಮಾತ್ರ, ಟೇಪನ್ನು ಚೌಕುಳಿಯಾಗಿ ಅಂಟಿಸುತ್ತೇವೆ. ಒಡೆದರೂ ಚೂರು ಬಣ್ಣದ ಮೇಲೆ ಬೀಳದಿರಲಿ ಎಂದು. ಕಟ್ಟಿನ ನಾಲ್ಕು ಮೂಲೆಗೂ ಫೋಮಿನ ಟೋಪಿ. ಮುಂದೆ ಒಂದು ದಪ್ಪ ರಟ್ಟು, ಹಿಂದೆ ಒಂದು, ಎರಡೂ ಕಟ್ಟಿನ ಮೇಲೆ ನಿಲ್ಲುವಂತೆ, ಕ್ಯಾನ್ವಾಸಿಗೆ ತಾಗದಂತೆ. ಬಬಲ್ ರ‍್ಯಾಪಿನ ಜಾಗ ರಟ್ಟಿನ ಹೊರಗೆ. ಆಮೇಲೆ ಸುತ್ತಲೂ ಐದು ಸೆಂಟಿಮೀಟರ್ ಫೋಮಿರುವ ಪ್ಲೈವುಡ್ ಪೆಟ್ಟಿಗೆ. ಮುಚ್ಚಳಕ್ಕೆ ಮೊಳೆ ಹೊಡೆಯುವುದಿಲ್ಲ, ಸ್ಕ್ರೂ ಹಾಕುತ್ತೇವೆ; ಸುತ್ತಿಗೆಯ ಪ್ರತಿ ಏಟೂ ಬಿಗಿದ ಬಟ್ಟೆಗೆ ಡೋಲಿನ ಹಾಗೆ ತಟ್ಟುತ್ತದೆ. ಪೆಟ್ಟಿಗೆ ಮಲಗಬಾರದು, ನಿಂತೇ ಹೋಗಬೇಕು, ಅದಕ್ಕೆ ಎರಡೂ ಬದಿಗೆ ಬಾಣದ ಗುರುತು. ಮಳೆಗಾಲದಲ್ಲಿ ಆದಷ್ಟೂ ಕಳಿಸುವುದೇ ಇಲ್ಲ. ತಲುಪಿದ ಪೆಟ್ಟಿಗೆಯನ್ನು ಒಂದು ಹಗಲು ಒಂದು ರಾತ್ರಿ ಕೋಣೆಯಲ್ಲಿ ಮುಚ್ಚಿದಂತೆಯೇ ಇಟ್ಟು ಆಮೇಲೆ ಬಿಚ್ಚಿ ಎಂದು ಕೊಂಡವರಿಗೆ ಮೊದಲೇ ಹೇಳುತ್ತೇವೆ, ಆ ಊರಿನ ಹವೆಗೆ ಅದು ಒಗ್ಗಬೇಕು.

‘ವಿಮೆ ಇದೆಯಲ್ಲ’ ಎಂಬುದು ಕೊನೆಯ ಸಮಾಧಾನ. ಕೊರಿಯರಿನ ರಸೀದಿಯ ಹಿಂದಿನ ಸಣ್ಣ ಅಕ್ಷರಗಳನ್ನು ಓದಿ. ಬೆಲೆ ಘೋಷಿಸಿ ಬೇರೆಯಾಗಿ ಹಣ ಕಟ್ಟದಿದ್ದರೆ ಸಿಗುವ ಪರಿಹಾರ ಬಾಡಿಗೆಯ ಆಸುಪಾಸಿನದು, ಪಟದ ಬೆಲೆಯದಲ್ಲ. ಪ್ಯಾಕಿಂಗ್ ಸರಿಯಿರಲಿಲ್ಲ ಎಂದು ಕಂಡರೆ ಕಟ್ಟಿದ ವಿಮೆಯೂ ಕೈಗೆ ಬರುವುದು ಕಷ್ಟ. ಅಷ್ಟಕ್ಕೂ ಪರಿಹಾರದ ದುಡ್ಡಿನಿಂದ ಆ ಕೆರೆ ಮರಳಿ ಬರುವುದಿಲ್ಲ. ಅದು ಒಂದೇ ಇದ್ದದ್ದು.

ಕಾನೂನಿನ ಮಾತು ಎತ್ತಿದರೆ ಎಲ್ಲರಿಗೂ ಬೇಸರ. ‘ನಮ್ಮ ಮನೆಯ ಪಟ, ನಾವು ಯಾರಿಗಾದರೂ ಮಾರ್ತೀವಿ’ ಎನ್ನುತ್ತಾರೆ. ನೂರು ವರ್ಷಕ್ಕೆ ಕಡಿಮೆಯಿಲ್ಲದ ಚಿತ್ರ 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಪುರಾತನ ವಸ್ತು. ಖಾಸಗಿಯವರು ಅದನ್ನು ದೇಶದ ಹೊರಗೆ ಕಳಿಸುವಂತಿಲ್ಲ. ತಪ್ಪಿದರೆ ಆರು ತಿಂಗಳಿಗೆ ಕಡಿಮೆಯಿಲ್ಲದ, ಮೂರು ವರ್ಷದವರೆಗಿನ ಜೈಲು, ಜೊತೆಗೆ ದಂಡ. ದೇಶದೊಳಗೆ ಮಾರಲು ಅಡ್ಡಿಯಿಲ್ಲ, ಆದರೆ ಅಂಥ ಚಿತ್ರ ಪುರಾತತ್ವ ಇಲಾಖೆಯ ನೋಂದಣಿ ಅಧಿಕಾರಿಯಲ್ಲಿ ನೋಂದಣಿಯಾಗಿರಬೇಕು, ಕೈ ಬದಲಾದರೆ ತಿಳಿಸಬೇಕು. ವ್ಯಾಪಾರವಾಗಿ ಮಾಡುವವರಿಗೆ ಪರವಾನಗಿ ಬೇಕು. ನೂರಕ್ಕೆ ಕಡಿಮೆಯಿದ್ದರೂ ಕೆಲವರ ಕೃತಿಗಳು ರಾಷ್ಟ್ರೀಯ ಕಲಾನಿಧಿ ಎಂದು ಘೋಷಿತವಾಗಿವೆ. ರವಿವರ್ಮ, ಅಮೃತಾ ಶೇರ್‌ಗಿಲ್ ಆ ಪಟ್ಟಿಯಲ್ಲಿದ್ದಾರೆ. ಹಿಮಾಲಯದ ದೃಶ್ಯಗಳನ್ನು ಬರೆದ ನಿಕೋಲಸ್ ರೋರಿಕ್ ಕೂಡ ಇದ್ದಾರೆ, ನಮ್ಮ ಕನಕಪುರ ರಸ್ತೆಯ ತಾತಗುಣಿಯಲ್ಲಿ ನೆಲೆಸಿದ್ದ ಸ್ವೆತೊಸ್ಲಾವ್ ರೋರಿಕರ ತಂದೆ. ಅಮೆರಿಕದಲ್ಲಿರುವ ಮಗಳಿಗೆ ಉಡುಗೊರೆ ಎಂದು ಕಳಿಸಿದರೂ ಅದು ರಫ್ತೇ. ಚಿತ್ರ ನೂರು ವರ್ಷದ್ದಲ್ಲ ಎನ್ನುವುದಾದರೆ ಪುರಾತತ್ವ ಇಲಾಖೆಯಿಂದ ಹಾಗೆಂದು ಪ್ರಮಾಣಪತ್ರ ಪಡೆದೇ ಕಳಿಸಬೇಕು. ಇದು ಕಾಟವೆಂದು ನನಗೆ ಅನಿಸುವುದಿಲ್ಲ. ಈ ನೆಲದ ಕೆರೆ, ಗುಡ್ಡ ನೂರು ವರ್ಷದ ಹಿಂದೆ ಹೇಗಿದ್ದವು ಎಂಬುದಕ್ಕೆ ಬಣ್ಣದಲ್ಲಿ ಉಳಿದಿರುವ ಸಾಕ್ಷಿ ಬಹಳವಿಲ್ಲ. ಆ ಕಾಲದ ಬಹುತೇಕ ಫೋಟೋಗಳಲ್ಲಿ ಬಣ್ಣವಿಲ್ಲ. ಮರ ಕಡಿದ ಮೇಲೆ, ಕೆರೆ ಬತ್ತಿದ ಮೇಲೆ, ಆ ಸಂಜೆಯ ಹಸಿರು ಉಳಿದಿರುವುದು ಯಾರದೋ ಮನೆಯ ಅಟ್ಟದ ಮೇಲಿನ ಇಂಥ ಪಟದಲ್ಲಿ.

ಮಾರಬೇಡಿ ಎಂದು ನಾನು ಹೇಳುತ್ತಿಲ್ಲ. ಅಪಾರ್ಟ್‌ಮೆಂಟಿಗೆ ಹೋಗುವವರಿಗೆ ಗೋಡೆ ಇಲ್ಲ, ಮಕ್ಕಳಿಗೆ ಆಸಕ್ತಿ ಇಲ್ಲ, ದುಡ್ಡಿನ ಅಗತ್ಯವೂ ಇರುತ್ತದೆ. ಅಟ್ಟದಲ್ಲಿ ಗೆದ್ದಲಿಗೆ ಬಿಡುವುದಕ್ಕಿಂತ ಕಾಪಾಡುವವರ ಕೈಗೆ ಕೊಡುವುದು ಮೇಲು, ಅಂಥವರನ್ನು ಹುಡುಕಲು ಆನ್‌ಲೈನ್ ಒಳ್ಳೆಯ ದಾರಿಯೇ. ಆ ಕೈಗೆ ತಲುಪುವವರೆಗೆ ಪಟ ಮಾರಿದವರ ಜವಾಬ್ದಾರಿ, ದುಡ್ಡು ಬ್ಯಾಂಕಿಗೆ ಬಂದ ಮೇಲೂ.

ಮಲೆನಾಡಿನ ಆ ಚಿತ್ರ ಈಗ ಬೆಂಗಳೂರಿನಲ್ಲಿ ಒಬ್ಬ ಸಂರಕ್ಷಕರ ಮೇಜಿನ ಮೇಲಿದೆ. ಉದುರಿದ ಚೂರುಗಳನ್ನು ಆ ತಾಯಿ ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಟ್ಟಿದ್ದರು, ಅದೂ ಜೊತೆಗೆ ಹೋಗಿದೆ. ಗುಡ್ಡ, ಮರಗಳು ಉಳಿಯುತ್ತವೆ, ಕೆರೆಯ ನಡುಭಾಗವನ್ನು ಮತ್ತೆ ಕೂಡಿಸಲಾಗದು ಎಂದು ಅವರು ಹೇಳಿದ್ದಾರೆ. ನಿಮ್ಮ ಮನೆಯಲ್ಲಿ ಇಂಥ ಪಟವಿದ್ದು, ಮಾರುವ ಯೋಚನೆಯಿದ್ದರೆ, ಒರೆಸುವ ಬಟ್ಟೆಯನ್ನೂ ಪೈಪನ್ನೂ ಕೆಳಗಿಡಿ. ಇಬ್ಬರು ಸೇರಿ ಪಟವನ್ನು ಗೋಡೆಯಿಂದ ಇಳಿಸಿ, ತಿರುಗಿಸಿ, ಮೊದಲು ಅದರ ಬೆನ್ನಿನ ಫೋಟೋ ತೆಗೆಯಿರಿ.